ಹುಟ್ಟೂರು ಬಿಟ್ಟ ಗ್ರಹಗಳು

ದತ್ತಿ ಇಟ್ಟವರನ್ನು ನೆನೆದು ಮಾತಿಗೆ ತೊಡಗುವುದು ದತ್ತಿ ಉಪನ್ಯಾಸಗಳ ವಾಡಿಕೆ. ಆ ಋಣ ಸಲ್ಲಿಸಿದ ಮೇಲೆ ಈ ಉಪನ್ಯಾಸ ಇನ್ನೊಂದು ಹೆಸರನ್ನೂ ನೆನೆಯುತ್ತದೆ: ಸಂತಮಸ. ಸುತ್ತಲೂ ಕವಿದ ಕತ್ತಲೆಗೆ ಸಂಸ್ಕೃತದಲ್ಲಿರುವ ಈ ಪದ 2019ರ ಡಿಸೆಂಬರಿನಿಂದ ಒಂದು ಗ್ರಹದ ಅಧಿಕೃತ ಹೆಸರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ನೂರನೇ ವರ್ಷದ ನೆಪದಲ್ಲಿ ದೇಶಕ್ಕೊಂದು ನಕ್ಷತ್ರವನ್ನೂ ಅದನ್ನು ಸುತ್ತುವ ಒಂದು ಗ್ರಹವನ್ನೂ ಒಪ್ಪಿಸಿ, ಹೆಸರಿಡಿ ಎಂದಿತು. ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081 ಎಂಬ, ಬರಿಗಣ್ಣಿಗೆ ಕಾಣದ ನಕ್ಷತ್ರ. ಜನ ಮತ ಹಾಕಿ ಅದಕ್ಕೆ ‘ಬಿಭಾ’ ಎಂದರು. ಕಾಸ್ಮಿಕ್ ಕಿರಣಗಳನ್ನು ಅಧ್ಯಯನ ಮಾಡಿದ ಬಿಭಾ ಚೌಧುರಿ ಅವರ ನೆನಪಿಗೆ ಇಟ್ಟ ಹೆಸರದು. ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲಿ ಅವರ ಕೈಯೂ ಇತ್ತು ಎಂಬುದು ಕನ್ನಡಿಗರಿಗೆ ಅಷ್ಟಾಗಿ ಗೊತ್ತಿಲ್ಲ.

ಸಂತಮಸ ಚಿಕ್ಕ ಗ್ರಹವಲ್ಲ. ನಮ್ಮ ಗುರುಗ್ರಹದ ಒಂದೂವರೆ ಪಟ್ಟಾದರೂ ತೂಗುತ್ತದೆ. ಆದರೆ ಅದು ಇರುವ ಜಾಗ ವಿಚಿತ್ರ. ಸೂರ್ಯನಿಗೆ ಬುಧ ಎಷ್ಟು ಹತ್ತಿರವೋ ಅದಕ್ಕಿಂತ ಸುಮಾರು ಹತ್ತು ಪಟ್ಟು ಹತ್ತಿರದಲ್ಲಿ ಅದು ತನ್ನ ನಕ್ಷತ್ರವನ್ನು ಸುತ್ತುತ್ತದೆ. ಒಂದು ಸುತ್ತಿಗೆ ಎರಡು ದಿನ, ಮೂರು ಗಂಟೆ, ಮೇಲೆ ಕೆಲವು ನಿಮಿಷ. ಅಲ್ಲಿ ಪಂಚಾಂಗ ನೋಡುವವರು ಯಾರಾದರೂ ಇದ್ದಿದ್ದರೆ ಇವತ್ತು ಬೇವು-ಬೆಲ್ಲ ತಿಂದವರು ನಾಡಿದ್ದು ಮತ್ತೆ ಬೇವು-ಬೆಲ್ಲ ತಿನ್ನಬೇಕಾಗುತ್ತಿತ್ತು.

ಅಷ್ಟು ದೊಡ್ಡ ಗ್ರಹ ಅಂಥ ಸುಡುವ ಜಾಗದಲ್ಲಿ ಹುಟ್ಟಲಾರದು ಎಂದೇ ಮೂವತ್ತೈದು ವರ್ಷದ ಹಿಂದಿನ ಖಗೋಳ ಪಠ್ಯಗಳನ್ನು ಓದಿದ ಯಾರಾದರೂ ಹೇಳುತ್ತಿದ್ದರು. ತಮಾಷೆಯೆಂದರೆ, ಆ ಮಾತು ಇವತ್ತಿಗೂ ಹೆಚ್ಚುಕಡಿಮೆ ಸರಿಯೇ. ಅದು ಅಲ್ಲಿ ಹುಟ್ಟಿಲ್ಲ, ಅಲ್ಲಿಗೆ ಬಂದಿದೆ. ಗ್ರಹಗಳಿಗೆ ಹುಟ್ಟೂರು ಬೇರೆ, ಇರುವೂರು ಬೇರೆ ಇರಬಹುದು ಎಂಬ ಈ ಒಂದು ತಿಳಿವಳಿಕೆ ಬರುವುದಕ್ಕೆ ಖಗೋಳವಿಜ್ಞಾನ ಎಷ್ಟು ಒದ್ದಾಡಿತು ಎಂಬುದೇ ಇಲ್ಲಿನ ವಿಷಯ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ ಇದ್ದಾಗ ಆ ಮಾತು ಸರಿ. ಗ್ರಹಗಳು ಹೇಗೆ ಹುಟ್ಟುತ್ತವೆ ಎಂದು ಕೇಳಿದವರ ಕೈಯಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದ್ದದ್ದು ಒಂದೇ ಅಗುಳು, ನಮ್ಮ ಸೌರವ್ಯೂಹ. ಪಕ್ಕದ ಒಲೆಗಳ ಮೇಲೆ ಏನು ಬೇಯುತ್ತಿದೆ ಎಂದು ಇಣುಕುವ ದಾರಿಯೇ ಇರಲಿಲ್ಲ.

ಆ ಒಂದಗುಳಿನಿಂದ ಕಟ್ಟಿದ ಕಥೆ ಮಾತ್ರ ಚೆಂದವಾಗಿತ್ತು. 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಅದರ ಅಡಿಪಾಯ ಹಾಕಿದರು: ತಿರುಗುವ ಅನಿಲದ ಮೋಡವೊಂದು ಕುಗ್ಗುತ್ತದೆ, ನಡುವೆ ಸೂರ್ಯ ಹೊತ್ತಿಕೊಳ್ಳುತ್ತಾನೆ, ಸುತ್ತ ತಟ್ಟೆಯಂತೆ ಉಳಿದ ದ್ರವ್ಯದಿಂದ ಗ್ರಹಗಳು ಮೂಡುತ್ತವೆ. ಇಪ್ಪತ್ತನೇ ಶತಮಾನದಲ್ಲಿ ಸೋವಿಯತ್ ಒಕ್ಕೂಟದ ವಿಕ್ಟರ್ ಸಫ್ರೊನೊವ್ ಇದಕ್ಕೆ ಗಣಿತದ ಗಟ್ಟಿ ಗೋಡೆ ಎಬ್ಬಿಸಿದರು. ಧೂಳಿನ ಕಣಗಳು ಅಂಟಿಕೊಂಡು ಕಲ್ಲಾಗಿ, ಕಲ್ಲು ಬಂಡೆಯಾಗಿ, ಬಂಡೆ ಬೆಟ್ಟವಾಗಿ, ಬೆಟ್ಟಗಳು ಡಿಕ್ಕಿ ಹೊಡೆದು ಗ್ರಹವಾಗುತ್ತವೆ. ಸೂರ್ಯನಿಂದ ಒಂದು ಗೊತ್ತಾದ ದೂರ ದಾಟಿದರೆ ನೀರಾವಿ ಹೆಪ್ಪುಗಟ್ಟುತ್ತದೆ. ಆ ಹಿಮರೇಖೆಯ ಆಚೆ ಕಟ್ಟುವ ಸಾಮಗ್ರಿ ಹೇರಳ. ಭೂಮಿಯ ಹತ್ತರಷ್ಟು ತೂಕದ ತಿರುಳು ಅಲ್ಲಿ ಬೇಗ ಬೆಳೆದು, ಸುತ್ತಲಿನ ಜಲಜನಕ, ಹೀಲಿಯಂಗಳನ್ನು ಗಬಗಬನೆ ನುಂಗಿ ಗುರುವಾಗುತ್ತದೆ, ಶನಿಯಾಗುತ್ತದೆ. ರೇಖೆಯ ಈಚೆ ಬರಿ ಕಲ್ಲು, ಕಬ್ಬಿಣ. ಅಲ್ಲಿ ಬುಧ, ಶುಕ್ರ, ಭೂಮಿ, ಮಂಗಳಗಳಂಥ ಸಣ್ಣವು. ಎಲ್ಲ ಅಚ್ಚುಕಟ್ಟಾಗಿ ಹೊಂದಿತು. ಹೊಂದದೆ ಏನು? ಒಬ್ಬನದೇ ಅಳತೆ ಹಿಡಿದು ಹೊಲಿದ ಅಂಗಿ ಅದು.

ಬೇರೆ ನಕ್ಷತ್ರಗಳಿಗೂ ಗ್ರಹ ಇವೆಯೇ ಎಂದು ಹುಡುಕಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಮದ್ರಾಸಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದಲ್ಲಿದ್ದ ವಿಲಿಯಂ ಸ್ಟೀಫನ್ ಜೇಕಬ್ 1855ರಲ್ಲಿ, 70 ಒಫಿಯುಕಿ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಏನೋ ತಪ್ಪು ಕಾಣುತ್ತಿದೆ, ಅದಕ್ಕೆ ಕಾಣದ ಗ್ರಹವೇ ಕಾರಣ ಇರಬೇಕು ಎಂದರು. ಗ್ರಹ ಇರಲಿಲ್ಲ. ಮದ್ರಾಸಿನ ಆ ವೀಕ್ಷಣಾಲಯ ಮಾತ್ರ ಮುಂದೆ ಕೊಡೈಕಾನಲ್‌ಗೆ ಹತ್ತಿ, ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ನೆಲೆಯೂರಿತು. ಜೇಕಬ್ ಅವರ ಮಾತಿಗೆ ಇನ್ನೊಮ್ಮೆ ಬರಬೇಕಾಗಿದೆ.

ಗ್ರಹವನ್ನು ನೇರ ನೋಡುವುದು ಕಷ್ಟ. ಹೊಳೆಯುವ ನಕ್ಷತ್ರದ ಮಗ್ಗುಲಲ್ಲಿ ಅದು ಕಳೆದುಹೋಗುತ್ತದೆ. ಆದರೆ ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ಅಪ್ಪ ತಾನೂ ಕೊಂಚ ಹಿಂದೆ ಮುಂದೆ ವಾಲುವಂತೆ, ಗ್ರಹವನ್ನು ತಿರುಗಿಸುವ ನಕ್ಷತ್ರವೂ ವಾಲುತ್ತದೆ. ಆ ವಾಲಾಟದ ವೇಗವನ್ನು ನಕ್ಷತ್ರದ ಬೆಳಕಿನ ರೋಹಿತದಲ್ಲಿ ಅಳೆಯಬಹುದು. ಗುರುಗ್ರಹ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಹನ್ನೆರಡೂವರೆ ಮೀಟರ್, ಅಂದರೆ ನಮ್ಮ ಕೆಂಪು ಬಸ್ಸಿನ ವೇಗ. ಅದನ್ನು ಹಿಡಿಯಲು ಒಂದು ಸುತ್ತು ಮುಗಿಯುವ ಹನ್ನೆರಡು ವರ್ಷ ಕಾಯಬೇಕು. 1952ರಲ್ಲಿ ಆಟೊ ಸ್ಟ್ರೂವ್ ಎಂಬ ಖಗೋಳಜ್ಞ ಒಂದು ಪುಟ್ಟ ಲೇಖನ ಬರೆದು, ಅಷ್ಟು ಕಾಯುವುದೇಕೆ, ಗುರುವಿನಂಥ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡಂತೆ ಇರಬಾರದೆಂದು ಎಲ್ಲಿದೆ, ಹುಡುಕಿ ನೋಡಿ, ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ ಎಂದು ಸೂಚಿಸಿದರು. ಯಾರೂ ಕಿವಿಗೊಡಲಿಲ್ಲ. ಅಂಗಿಯ ಅಳತೆ ಎಲ್ಲರಿಗೂ ಗೊತ್ತಿತ್ತಲ್ಲ!

ನಲವತ್ತಮೂರು ವರ್ಷ ಹಾಗೇ ಹೋಯಿತು. ನಡುವೆ 1992ರಲ್ಲಿ ಅಲೆಕ್ಸಾಂಡರ್ ವೋಲ್‌ಶ್ಚಾನ್ ಮತ್ತು ಡೇಲ್ ಫ್ರೇಲ್ ಸತ್ತ ನಕ್ಷತ್ರವೊಂದರ, ಅಂದರೆ ಪಲ್ಸಾರಿನ ಸುತ್ತ ಗ್ರಹಗಳನ್ನು ಕಂಡರು. ಆದರೆ ಸೂರ್ಯನಂಥ, ಜೀವಂತ ನಕ್ಷತ್ರದ ಗ್ರಹ ಸಿಕ್ಕದ್ದು ಜಿನೀವಾದ ಮಿಶೆಲ್ ಮೇಯರ್ ಮತ್ತು ಅವರ ವಿದ್ಯಾರ್ಥಿ ಡಿಡಿಯೆ ಕೆಲೋ ಅವರಿಗೆ. ದಕ್ಷಿಣ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಅವರು 142 ನಕ್ಷತ್ರಗಳ ವಾಲಾಟ ಅಳೆಯುತ್ತಿದ್ದರು. 51 ಪೆಗಾಸಿ ಎಂಬುದು ನಾಲ್ಕು ದಿನಕ್ಕೊಮ್ಮೆ ಕುಣಿಯುತ್ತಿತ್ತು. ತಾನು ಬರೆದ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಕೆಲೋ ಮೊದಲು ಹೆದರಿದರು. ನಕ್ಷತ್ರ ಸೂರ್ಯನ ಹಿಂದೆ ಮರೆಯಾಗಿ ಮತ್ತೆ ಕಾಣುವವರೆಗೆ ತಿಂಗಳುಗಟ್ಟಲೆ ಕಾದು, ಮತ್ತೆ ಅಳೆದು, 1995ರ ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸಿನ ಸಮ್ಮೇಳನದಲ್ಲಿ ಬಾಯಿಬಿಟ್ಟರು: ಗುರುವಿನ ಅರ್ಧದಷ್ಟು ತೂಕದ ಗ್ರಹ, 4.2 ದಿನಕ್ಕೆ ಒಂದು ಸುತ್ತು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಕ್ಯಾಲಿಫೋರ್ನಿಯಾದಲ್ಲಿ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ಅದೇ ಕೆಲಸವನ್ನು 1987ರಿಂದ ಮಾಡುತ್ತಿದ್ದರು. ದೊಡ್ಡ ಗ್ರಹವೆಂದರೆ ನಿಧಾನ ಎಂದುಕೊಂಡು, ಕೂಡಿಟ್ಟ ಅಳತೆಗಳನ್ನು ಪೂರ್ತಿ ಬಿಡಿಸಿ ನೋಡುವ ಅವಸರ ಅವರಿಗೆ ಇರಲಿಲ್ಲ. ಫ್ಲಾರೆನ್ಸಿನ ಸುದ್ದಿ ಬಂದ ಕೆಲವೇ ದಿನಗಳಲ್ಲಿ 51 ಪೆಗಾಸಿಯನ್ನು ತಾವೇ ಅಳೆದು ಹೌದೆಂದರು. ಹಳೆಯ ಅಳತೆಗಳ ಗಂಟು ಬಿಚ್ಚಿದಾಗ ಇನ್ನೆರಡು ಗ್ರಹ ಅದರಲ್ಲೇ ಕೂತಿದ್ದವು. ಉಪಕರಣ ಇತ್ತು, ಅಳತೆಯೂ ಇತ್ತು. ಅಡ್ಡ ಬಂದದ್ದು ಒಂದಗುಳಿನ ನಂಬಿಕೆ. 1997ರಲ್ಲಿ ಒಬ್ಬ ಹೆಸರಾಂತ ಖಗೋಳಜ್ಞರು 51 ಪೆಗಾಸಿಯದು ಗ್ರಹವೇ ಅಲ್ಲ, ನಕ್ಷತ್ರದ ಮೈ ಮಿಡಿಯುತ್ತಿದೆ ಅಷ್ಟೇ ಎಂದು ವಾದಿಸಿದರು. ಮರುವರ್ಷ ಇನ್ನೂ ಉತ್ತಮ ಅಳತೆ ಸಿಕ್ಕಾಗ ತಮ್ಮ ಮಾತನ್ನು ತಾವೇ ಹಿಂತೆಗೆದುಕೊಂಡರು. ವಿಜ್ಞಾನದಲ್ಲಿ ಇಂಥ ಘಟನೆಗಳಿಗೆ ಸಿಗಬೇಕಾದ ಚಪ್ಪಾಳೆ ಸಿಗುವುದಿಲ್ಲ.

51 ಪೆಗಾಸಿಯನ್ನು ನೋಡಬೇಕೆನ್ನುವವರಿಗೆ ನಮ್ಮ ನಕ್ಷತ್ರಪಟ್ಟಿಯೇ ಸಾಕು. ಪೂರ್ವಾಭಾದ್ರೆಯ ಎರಡು ನಕ್ಷತ್ರಗಳ ನಡುವೆ, ಕೊಂಚ ಪಶ್ಚಿಮಕ್ಕೆ ಅದಿದೆ. ಊರಿನ ದೀಪಗಳಿಂದ ದೂರವಾದ ಕತ್ತಲೆ ಇದ್ದರೆ, ಕಣ್ಣು ಚುರುಕಾಗಿದ್ದರೆ, ನವೆಂಬರಿನ ಸಂಜೆ ಬರಿಗಣ್ಣಿಗೇ ಸಿಕ್ಕೀತು.

ಇನ್ನು 51 ಪೆಗಾಸಿಯ ಆ ಗ್ರಹ, ನಕ್ಷತ್ರಕ್ಕೆ ಅಂಟಿಕೊಂಡ ಆ ‘ಬಿಸಿ ಗುರು’, ಅಲ್ಲಿಗೆ ಬಂದದ್ದು ಹೇಗೆ? ವಿಚಿತ್ರವೆಂದರೆ ಉತ್ತರ ಪ್ರಶ್ನೆಗಿಂತ ಹಳೆಯದು. 1980ರಲ್ಲೇ ಪೀಟರ್ ಗೋಲ್ಡ್‌ರೈಕ್ ಮತ್ತು ಸ್ಕಾಟ್ ಟ್ರಿಮೇನ್, ಅನಿಲದ ತಟ್ಟೆಯಲ್ಲಿ ಸುತ್ತುವ ಗ್ರಹ ಆ ಅನಿಲದಲ್ಲಿ ಅಲೆ ಎಬ್ಬಿಸುತ್ತದೆ, ಆ ಅಲೆಗಳೇ ತಿರುಗಿ ಗ್ರಹವನ್ನು ಎಳೆದು ಅದರ ಕಕ್ಷೆಯನ್ನು ಬದಲಿಸುತ್ತವೆ ಎಂದು ಲೆಕ್ಕ ಹಾಕಿದ್ದರು. ಹೀಗೆ ಎಳೆಸಿಕೊಂಡ ಗ್ರಹ ಸಾಮಾನ್ಯವಾಗಿ ಒಳಕ್ಕೆ ಜಾರುತ್ತದೆ. ಲೆಕ್ಕ ಸರಿಯಿತ್ತು. ಅದಕ್ಕೆ ತಕ್ಕ ಗ್ರಹ ಸಿಕ್ಕಿರಲಿಲ್ಲ, ಹಾಗಾಗಿ ಅದು ಪುಸ್ತಕದಲ್ಲೇ ಉಳಿಯಿತು. ದೆಹಲಿಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ರೇಣು ಮಲ್ಹೋತ್ರಾ 1993ರಲ್ಲಿ, ಅಂದರೆ 51 ಪೆಗಾಸಿಗೆ ಎರಡು ವರ್ಷ ಮೊದಲೇ, ನಮ್ಮ ಮನೆಯೊಳಗೇ ಈ ಅಲೆದಾಟದ ಗುರುತು ತೋರಿಸಿದರು. ನೆಪ್ಚೂನ್ ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲೂಟೊ ಸರಿಯಾಗಿ ಎರಡು ಸುತ್ತು ಹಾಕುತ್ತದೆ. ಈ ಕರಾರುವಾಕ್ಕಾದ ಹೊಂದಾಣಿಕೆ ಆಕಸ್ಮಿಕವಲ್ಲ. ನೆಪ್ಚೂನ್ ಹಿಂದೊಮ್ಮೆ ಸೂರ್ಯನಿಗೆ ಹತ್ತಿರವಿದ್ದು, ಹೊರಕ್ಕೆ ಸರಿಯುತ್ತಾ ಪ್ಲೂಟೊವನ್ನು ಮುಂದೆ ತಳ್ಳಿಕೊಂಡು ಹೋಗಿದೆ ಎಂಬುದು ಅವರ ವಾದ. ನಮ್ಮ ಗ್ರಹಗಳೇ ಒಕ್ಕಲೆದ್ದು ಹೋದವು!

ಜಾರಿ ಬಂದವು ಕೆಲವಾದರೆ, ಹೊಡೆದಾಡಿ ಬಂದವು ಇನ್ನು ಕೆಲವು. ಎಚ್‌ಡಿ 80606ರ ಗ್ರಹ 111 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಕಕ್ಷೆ ಎಷ್ಟು ಉದ್ದನೆಯ ಅಂಡಾಕಾರವೆಂದರೆ, ಹೆಚ್ಚು ಕಾಲ ದೂರದಲ್ಲಿದ್ದು ಕೆಲವೇ ಗಂಟೆಗಳ ಕಾಲ ನಕ್ಷತ್ರದ ಕಾವಿಗೆ ಮುಖ ಒಡ್ಡಿ ಓಡಿಹೋಗುತ್ತದೆ. ವ್ಯಾಸ್ಪ್-17ರ ಗ್ರಹ ತನ್ನ ನಕ್ಷತ್ರ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುತ್ತದೆ. ಒಂದೇ ತಟ್ಟೆಯಲ್ಲಿ ಶಾಂತವಾಗಿ ಬೆಳೆದ ಗ್ರಹ ಉಲ್ಟಾ ಸುತ್ತಲು ಕಾರಣವಿಲ್ಲ. ಇನ್ನೊಂದು ಗ್ರಹವೋ ಜೊತೆಗಾರ ನಕ್ಷತ್ರವೋ ಅದನ್ನು ಕಕ್ಷೆಯಿಂದ ಎಳೆದೆಸೆದಿರಬೇಕು. ಎಸೆಸಿಕೊಂಡ ಗ್ರಹ ನಕ್ಷತ್ರದ ಹತ್ತಿರ ಹಾಯ್ದು ಹೋಗುವಾಗಲೆಲ್ಲ ಉಬ್ಬರದ ಸೆಳೆತಕ್ಕೆ ಶಕ್ತಿ ಕಳೆದುಕೊಂಡು, ಕ್ರಮೇಣ ಹತ್ತಿರದಲ್ಲೇ ಬೀಡುಬಿಡುತ್ತದೆ.

ಬಿಭಾ ಚೌಧುರಿ ಕೆಲಸ ಮಾಡಿದ್ದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರೇ ಈ ದಾರಿಯಲ್ಲಿ ನಡೆಯುತ್ತಿರುವ ಒಂದು ಗ್ರಹವನ್ನು ಹಿಡಿದಿದ್ದಾರೆ. ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿ ಅವರ ‘ಪರಸ್’ ಎಂಬ ರೋಹಿತಮಾಪಕವಿದೆ. 2023ರಲ್ಲಿ ಅದು ತೂಕ ಹಾಕಿದ ಟಿಒಐ-4603ಬಿ ಗಾತ್ರದಲ್ಲಿ ಗುರುವಿನಷ್ಟೇ, ತೂಕದಲ್ಲಿ ಗುರುವಿನ ಸುಮಾರು ಹದಿಮೂರು ಪಟ್ಟು. ಸುತ್ತು ಏಳೂಕಾಲು ದಿನದ್ದು. ಅಷ್ಟು ಹತ್ತಿರವಿದ್ದೂ ಕಕ್ಷೆ ಇನ್ನೂ ದುಂಡಗಾಗಿಲ್ಲ. ಪ್ರಯಾಣ ಮುಗಿಸದ, ಇನ್ನೂ ದಾರಿಯಲ್ಲೇ ಇರುವ ಗ್ರಹ.

ಇಷ್ಟು ಕೇಳಿದವರಿಗೆ ಆಕಾಶದ ತುಂಬ ಬಿಸಿ ಗುರುಗಳೇ ಇರುವಂತೆ ತೋರಬಹುದು. ಹಾಗಿಲ್ಲ. ಸೂರ್ಯನಂಥ ನೂರು ನಕ್ಷತ್ರಗಳಲ್ಲಿ ಒಂದಕ್ಕೂ ಅವು ಕಷ್ಟಪಟ್ಟು ಸಿಗುತ್ತವೆ. ಸಂತೆಯಲ್ಲಿ ಗಟ್ಟಿಯಾಗಿ ಕೂಗುವವನ ದನಿ ಮೊದಲು ಕೇಳುತ್ತದೆ. ಅಷ್ಟಕ್ಕೇ ಸಂತೆಯವರೆಲ್ಲ ಕೂಗುಮಾರಿಗಳಲ್ಲ. ತಣ್ಣಗೆ ಕೂತ ವ್ಯಾಪಾರಿಗಳನ್ನು ಎಣಿಸಿದ್ದು ಕೆಪ್ಲರ್ ದೂರದರ್ಶಕ. 2009ರ ಮಾರ್ಚಿನಲ್ಲಿ ಹಾರಿದ ಅದು ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ನಾಲ್ಕು ವರ್ಷ ಎವೆಯಿಕ್ಕದೆ ನೋಡಿತು. ಗ್ರಹ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ಕೂದಲೆಳೆಯಷ್ಟು ಕುಂದುತ್ತದೆ, ಅದನ್ನು ಗುರುತಿಸುವುದೇ ಅದರ ಕೆಲಸ. ಇಂದಿಗೆ ಅದರ ಲೆಕ್ಕದಲ್ಲಿ 2,600ಕ್ಕೂ ಹೆಚ್ಚು ಗ್ರಹಗಳಿವೆ. ಎಲ್ಲ ಉಪಕರಣಗಳೂ ಸೇರಿ ಕಂಡ ಹೊರಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6,000 ದಾಟಿತು.

ಕೆಪ್ಲರ್ ಕೊಟ್ಟ ಪೆಟ್ಟು 51 ಪೆಗಾಸಿಯದಕ್ಕಿಂತ ದೊಡ್ಡದು ಎಂಬುದು ಈ ಉಪನ್ಯಾಸದ ಖಚಿತ ಅಭಿಪ್ರಾಯ. ಬಿಸಿ ಗುರು ಅಪರೂಪದ ಅಪವಾದ ಎಂದು ತಳ್ಳಿಹಾಕಬಹುದಿತ್ತು. ಆದರೆ ಕೆಪ್ಲರ್ ಹೇಳಿದ್ದು, ಲೋಕದಲ್ಲಿ ಅತಿ ಸಾಮಾನ್ಯವಾಗಿ ಸಿಗುವ ಗ್ರಹವೇ ನಮ್ಮಲ್ಲಿ ಇಲ್ಲ ಎಂದು. ಭೂಮಿಗಿಂತ ದೊಡ್ಡವು, ನೆಪ್ಚೂನಿಗಿಂತ ಸಣ್ಣವು, ನಕ್ಷತ್ರಕ್ಕೆ ಹತ್ತಿರದವು. ಕೆಪ್ಲರ್-11 ಎಂಬ ನಕ್ಷತ್ರದ ಆರು ಗ್ರಹಗಳಲ್ಲಿ ಐದು, ನಮ್ಮಲ್ಲಿ ಬುಧನೊಬ್ಬನಿಗೇ ಬಿಟ್ಟುಕೊಟ್ಟಿರುವ ಜಾಗದೊಳಗೆ ಒತ್ತಿಕೊಂಡು ಕೂತಿವೆ. ನಮ್ಮ ಆ ಅಂಗಳ ಏಕೆ ಬರಿದು? ಗುರು ಬೇಗ ಬೆಳೆದು, ಹೊರಗಿನಿಂದ ಒಳಕ್ಕೆ ಹರಿಯುತ್ತಿದ್ದ ಉರುಟುಕಲ್ಲುಗಳಿಗೆ ಅಡ್ಡಗಟ್ಟಿ ಒಳಗಿನವರಿಗೆ ಹೊಟ್ಟೆಗಿಲ್ಲದಂತೆ ಮಾಡಿತು ಎಂಬುದು ಒಂದು ವಿವರಣೆ. ಚರ್ಚೆ ಮುಗಿದಿಲ್ಲ.

ಈ ಸಣ್ಣ ಗ್ರಹಗಳಲ್ಲೂ ಒಂದು ಬಿರುಕಿದೆ. 2017ರಲ್ಲಿ ಬೆಂಜಮಿನ್ ಫುಲ್ಟನ್ ಮತ್ತು ಸಂಗಡಿಗರು ಹವಾಯಿಯ ಕೆಕ್ ದೂರದರ್ಶಕದಿಂದ ಆ ನಕ್ಷತ್ರಗಳ ಗಾತ್ರವನ್ನು ನಿಖರವಾಗಿ ಅಳೆದು ಗ್ರಹಗಳ ಗಾತ್ರವನ್ನು ತಿದ್ದಿದರು. ಭೂಮಿಯ ಒಂದೂವರೆ ಪಟ್ಟಿಗಿಂತ ಸಣ್ಣವು ಬೇಕಾದಷ್ಟು, ಎರಡು ಪಟ್ಟಿಗಿಂತ ದೊಡ್ಡವು ಬೇಕಾದಷ್ಟು, ನಡುವಿನವು ವಿರಳ. ಜೇಮ್ಸ್ ಓವನ್ ಮತ್ತು ಯಾನ್‌ಚಿನ್ ವೂ 2013ರಲ್ಲೇ ಹೀಗಾಗಬೇಕೆಂದು ಹೇಳಿದ್ದರು: ಎಳೆಯ ನಕ್ಷತ್ರದ ಎಕ್ಸ್‌ಕಿರಣಗಳ ಕಾವಿಗೆ ಹತ್ತಿರದ ಗ್ರಹದ ಹಗುರ ಹೊದಿಕೆ ಹಾರಿಹೋಗುತ್ತದೆ, ಇಲ್ಲವೇ ಪೂರ್ತಿ ಉಳಿಯುತ್ತದೆ, ಅರ್ಧಂಬರ್ಧ ಉಳಿಯುವುದು ಕಷ್ಟ. ತಿರುಳಿನ ಸ್ವಂತ ಕಾವೇ ಹೊದಿಕೆಯನ್ನು ಕಳಚುತ್ತದೆ ಎನ್ನುವವರೂ ಇದ್ದಾರೆ. ಏನೇ ಆದರೂ ಗ್ರಹದ ಹುಟ್ಟು ಒಂದು ದಿನದ ಘಟನೆಯಲ್ಲ. ಹುಟ್ಟಿದ ಮೇಲೂ ಅದು ಕಳೆದುಕೊಳ್ಳುತ್ತಾ ರೂಪುಗೊಳ್ಳುತ್ತದೆ.

ನಲವತ್ತು ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ರ ಏಳು ಗ್ರಹಗಳು ಕರ್ನಾಟಕ ಸಂಗೀತ ಕೇಳುವವರಿಗೆ ಇಷ್ಟವಾಗಬೇಕು. ತೀರ ಒಳಗಿನದು 24 ಸುತ್ತು ಮುಗಿಸುವಷ್ಟರಲ್ಲಿ ಉಳಿದವು ಕ್ರಮವಾಗಿ 15, 9, 6, 4, 3 ಮತ್ತು 2 ಸುತ್ತು ಹೆಚ್ಚುಕಡಿಮೆ ಮುಗಿಸುತ್ತವೆ. ಏಳು ನಡೆಗಳು ಒಂದೇ ಆವರ್ತಕ್ಕೆ ಬಂದು ಸೇರಿದ ಹಾಗೆ. ಇದ್ದಲ್ಲೇ ಹುಟ್ಟಿದ ಗ್ರಹಗಳಿಗೆ ಇಂಥ ಲಯ ತಾನಾಗಿ ಕೂಡಿಬರುವುದು ಕಷ್ಟ. ಅನಿಲದಲ್ಲಿ ನಿಧಾನವಾಗಿ ಒಳಕ್ಕೆ ಜಾರುತ್ತಾ ಒಂದರ ಹಿಂದೆ ಒಂದು ಸಿಕ್ಕಿಕೊಂಡರೆ ಸುಲಭ. ಹೆಚ್ಚಿನ ವ್ಯೂಹಗಳಲ್ಲಿ ಈ ತಾಳ ತಪ್ಪಿದೆ. 2023ರಲ್ಲಿ ಬೆಳಕಿಗೆ ಬಂದ ಎಚ್‌ಡಿ 110067ರ ಆರು ಗ್ರಹಗಳಲ್ಲಿ ಇನ್ನೂ ತಪ್ಪಿಲ್ಲ.

ಬೆಂದ ಅನ್ನದ ಮಾತಾಯಿತು, ಬೇಯುತ್ತಿರುವುದನ್ನೂ ಈಗ ನೋಡಬಹುದು. 2014ರ ನವೆಂಬರಿನಲ್ಲಿ ಚಿಲಿಯ ಅಟಕಾಮ ಮರುಭೂಮಿಯ ‘ಆಲ್ಮಾ’ ರೇಡಿಯೊ ದೂರದರ್ಶಕಗಳು ರೋಹಿಣಿ ನಕ್ಷತ್ರದ ದಿಕ್ಕಿನಲ್ಲೇ, ಆದರೆ ಅದಕ್ಕಿಂತ ಬಹಳ ಹಿಂದೆ 450 ಜ್ಯೋತಿರ್ವರ್ಷ ದೂರದಲ್ಲಿರುವ ಎಚ್‌ಎಲ್ ಟೌರಿಯ ಚಿತ್ರ ತೆಗೆದವು. ಕಾಂಟ್ ಊಹಿಸಿದ್ದ ತಟ್ಟೆ ಕಣ್ಣಮುಂದೆ ಇತ್ತು, ಅದರಲ್ಲಿ ಉಂಗುರದೊಳಗೆ ಉಂಗುರ, ನಡುನಡುವೆ ಕತ್ತಲೆಯ ಗೆರೆ. ಗ್ರಹಗಳು ಉತ್ತ ಸಾಲುಗಳು ಇವು ಎಂದು ಹಲವರು ಓದುತ್ತಾರೆ. ಆ ನಕ್ಷತ್ರಕ್ಕೆ ಹೆಚ್ಚೆಂದರೆ ಹತ್ತು ಲಕ್ಷ ವರ್ಷ. ಇಷ್ಟು ಬೇಗ ಗ್ರಹ ಮೂಡಬಾರದಿತ್ತು. ಪಿಡಿಎಸ್ 70 ಎಂಬಲ್ಲಿ ಅನುಮಾನಕ್ಕೂ ಎಡೆಯಿಲ್ಲ: ತಟ್ಟೆಯ ನಡುವಿನ ಖಾಲಿ ಜಾಗದಲ್ಲಿ ಎರಡು ಗ್ರಹಗಳೇ ಕಾಣುತ್ತವೆ, ಇನ್ನೂ ಅನಿಲ ನುಂಗುತ್ತಿವೆ. ಒಂದರ ಸುತ್ತ ಉಪಗ್ರಹಗಳು ಹುಟ್ಟಬಹುದಾದ ಪುಟ್ಟ ತಟ್ಟೆಯೂ 2021ರಲ್ಲಿ ಖಚಿತವಾಯಿತು.

ಹಳೆಯ ಕಥೆಯ ಒಂದು ಕೊಂಡಿ ಮಾತ್ರ ಬಹುಕಾಲ ಸಡಿಲವಾಗಿತ್ತು. ಧೂಳು ಬೆಣಚುಕಲ್ಲಾಗುವುದು ಸರಿ. ಮೀಟರ್ ಗಾತ್ರದ ಬಂಡೆಗೆ ಅನಿಲ ಎದುರುಗಾಳಿಯಂತೆ ಬಡಿಯುತ್ತದೆ. ಅದು ವೇಗ ಕಳೆದುಕೊಂಡು ಕೆಲವು ನೂರು ವರ್ಷಗಳಲ್ಲೇ ಸೂರ್ಯನೊಳಗೆ ಬಿದ್ದುಬಿಡಬೇಕು. ಹಾಗಾದರೆ ಬಂಡೆ ಬೆಟ್ಟವಾಗುವುದು ಯಾವಾಗ? ಆ ಹಂತವನ್ನೇ ಹಾರಿ ಎಂದಿತು ಹೊಸ ಲೆಕ್ಕ. ಉರುಟುಕಲ್ಲುಗಳು ಗಾಳಿಗೆ ಎದುರಾಗಿ ಹೋಗುವ ಸೈಕಲ್ ಸವಾರರಂತೆ ಒಂದರ ಮರೆಯಲ್ಲಿ ಒಂದು ಗುಂಪುಗೂಡುತ್ತವೆ, ಗುಂಪು ದಟ್ಟವಾಗಿ ಒಮ್ಮೆಲೇ ಕುಸಿದು ಹತ್ತಾರು ಕಿಲೋಮೀಟರಿನ ಬೆಟ್ಟವಾಗುತ್ತದೆ. ಇದಕ್ಕೆ ಸಾಕ್ಷಿ ಸಿಕ್ಕದ್ದು ಹೊರಗೆಲ್ಲೂ ಅಲ್ಲ, ನಮ್ಮದೇ ಹಿತ್ತಲಲ್ಲಿ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊದ ಆಚೆಗಿನ ಅರೊಕಾತ್ ಎಂಬ ಸುಮಾರು 36 ಕಿ.ಮೀ. ಉದ್ದದ ಕಾಯವನ್ನು ದಾಟಿತು. ಎರಡು ಉಂಡೆಗಳು, ಒಂದಕ್ಕೊಂದು ಡಿಕ್ಕಿ ಹೊಡೆದ ಗಾಯವೇ ಇಲ್ಲದೆ, ನಡಿಗೆಯ ವೇಗದಲ್ಲಿ ಬಂದು ಕೂಡಿಕೊಂಡಂತಿವೆ.

ಇಷ್ಟೆಲ್ಲ ಆಗಿಯೂ ಹಳೆಯ ಕಥೆ ಬಿದ್ದುಹೋಗಿಲ್ಲ. ಕಬ್ಬಿಣದಂಥ ಭಾರದ ಧಾತುಗಳು ಹೆಚ್ಚಿರುವ ನಕ್ಷತ್ರಗಳಲ್ಲೇ ದೊಡ್ಡ ಗ್ರಹಗಳು ಹೆಚ್ಚು ಸಿಗುತ್ತವೆ. ತಿರುಳು ಮೊದಲು, ಅನಿಲ ಆಮೇಲೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮುಳ್ಳುಗಳಿವೆ ನಿಜ. ಜಿಜೆ 3512 ಎಂಬ ನಕ್ಷತ್ರದ ತೂಕ ಸೂರ್ಯನ ಎಂಟನೇ ಒಂದು ಭಾಗ. ಅಂಥ ಬಡ ನಕ್ಷತ್ರಕ್ಕೆ ಗುರುವಿನ ಅರ್ಧದಷ್ಟು ತೂಕದ ಗ್ರಹ ಇರುವುದು 2019ರಲ್ಲಿ ಗೊತ್ತಾಯಿತು. ತಿರುಳು ಬೆಳೆಯುವಷ್ಟು ಸಾಮಗ್ರಿಯೇ ಅಲ್ಲಿ ಇದ್ದಿರಲಾರದು. ತಟ್ಟೆಯ ಒಂದು ತುಂಡು ನೇರವಾಗಿ ಕುಸಿದು ಗ್ರಹವಾಯಿತು ಎಂಬ ಎರಡನೇ ದಾರಿ ಅಂಥ ಕಡೆ ಬೇಕಾಗುತ್ತದೆ.

ಜೇಕಬ್ ಅವರ ಮಾತು ಉಳಿದಿತ್ತು. ಅವರು ಹುಡುಕಿದ್ದು ನಕ್ಷತ್ರ ಆಕಾಶದಲ್ಲಿ ಪಕ್ಕಕ್ಕೆ ಅಲುಗುವುದನ್ನು. ಆ ದಾರಿ ಸರಿಯಿತ್ತು, ಕಣ್ಣು ಸಾಲಲಿಲ್ಲ. 2013ರಲ್ಲಿ ಹಾರಿದ ಯುರೋಪಿನ ಗಾಯಾ ಉಪಗ್ರಹ ಅದೇ ದಾರಿ ಹಿಡಿದು ಹನ್ನೊಂದು ವರ್ಷ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಸ್ಥಾನ ಅಳೆಯಿತು. ಅದರ ಅಳತೆಯಿಂದ ಸುಳಿವು ಸಿಕ್ಕ ಗಾಯಾ-4ಬಿ, ಗುರುವಿನ ಹನ್ನೆರಡು ಪಟ್ಟು ತೂಗುವ ಗ್ರಹ, 2025ರಲ್ಲಿ ದೃಢಪಟ್ಟಿತು. ಈ ವಿಧಾನಕ್ಕೆ ಸುಲಭವಾಗಿ ಸಿಗುವುದು ನಕ್ಷತ್ರಕ್ಕೆ ಅಂಟಿಕೊಂಡ ಸಂತಮಸದಂಥವಲ್ಲ, ದೂರದಲ್ಲೇ ಉಳಿದ, ಹುಟ್ಟೂರು ಬಿಡದ ಗುರುಗಳು. ಅವು ಎಷ್ಟಿವೆ ಎಂಬ ಲೆಕ್ಕ ಇದುವರೆಗೆ ಕೈಗೆ ಸಿಕ್ಕಿಲ್ಲ. ಗಾಯಾದ ನಾಲ್ಕನೇ ದತ್ತಾಂಶ ಕಂತು ಹೊರಬರಲು ಗೊತ್ತುಪಡಿಸಿರುವ ತಿಂಗಳು 2026ರ ಡಿಸೆಂಬರ್.